ಬಾನೆಟ್ಟಿನೊಳಗೆ ಬಂದ ಮಳೆ



ಮಳೆಗಾಲದಲ್ಲಿ ವಾಹನಗಳ ಆರೈಕೆಯನ್ನು ಕುರಿತು ನಮ್ಮ ಸ್ಟುಡಿಯೋದಲ್ಲಿ ನಡೆದ ಮಾತುಕತೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅರ್ಧ ಗಂಟೆಯ ಕಾರ್ಯಕ್ರಮ. ಟೈರು, ಬ್ರೇಕು, ವೈಪರು ಎನ್ನುವಷ್ಟರಲ್ಲೇ ಹೊತ್ತು ಮುಗಿದುಹೋಯಿತು. ದೀಪಗಳನ್ನು ಆರಿಸಿ ಅತಿಥಿಗಳ ಅಂಗಿಯಿಂದ ಮೈಕು ಬಿಚ್ಚುತ್ತಿದ್ದಾಗ, ಸಭಿಕರ ಸಾಲಿನಲ್ಲಿ ಕುಳಿತಿದ್ದ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ನನ್ನ ಬಳಿ ಬಂದಳು.

“ಸಾರ್, ಕಾರಿನ ಮುಂದುಗಡೆ ಜಾಲರಿ ತೆರೆದೇ ಇದೆ. ಬಾನೆಟ್ಟಿನ ಸುತ್ತ ಸಂದು ಇದೆ. ಬಾನೆಟ್ ಎತ್ತಿ ಬಗ್ಗಿ ನೋಡಿದರೆ ಕೆಲವು ಕಡೆ ನೆಲವೇ ಕಾಣುತ್ತೆ. ಹಾಗಾದರೆ ಮಳೆ ನೀರು ಒಳಗೆ ಹೋಗಲ್ವಾ?”

“ಹೋಗುತ್ತದಮ್ಮಾ” ಎಂದೆ.

“ಮತ್ತೆ ಏನೂ ಆಗಲ್ವಾ?”

“ಸಾಮಾನ್ಯವಾಗಿ ಆಗುವುದಿಲ್ಲ. ಕೆಲವೊಮ್ಮೆ ಆಗುತ್ತದೆ.”

ಅವಳಿಗೆ ಈ ಉತ್ತರದಿಂದ ಸಮಾಧಾನವಾದಂತೆ ಕಾಣಲಿಲ್ಲ. ಆಗಬೇಕಾಗಿಯೂ ಇರಲಿಲ್ಲ. ಕ್ಯಾಮೆರಾ ನಿಂತ ಮೇಲೆ ಕೇಳಿದ ಆ ಪ್ರಶ್ನೆ, ಕ್ಯಾಮೆರಾ ಮುಂದೆ ನಾವು ಕೇಳಿದ ಪ್ರಶ್ನೆಗಳೆಲ್ಲಕ್ಕಿಂತ ಚೆನ್ನಾಗಿತ್ತು. ಅದಕ್ಕೆ ಈ ಪುಟಗಳಲ್ಲಿ ನಿಧಾನವಾಗಿ ಉತ್ತರ ಕೊಡಲು ಯತ್ನಿಸುತ್ತೇನೆ. ‘ಕೆಲವೊಮ್ಮೆ’ ಎಂಬ ಮಾತಿನ ಬೆಲೆಯನ್ನು ನಾನು ಸ್ವಂತ ಖರ್ಚಿನಲ್ಲಿ ತಿಳಿದವನು. ಅದನ್ನೂ ಮುಂದೆ ಹೇಳುತ್ತೇನೆ.

ಮೊದಲು ಸಹಜವಾಗಿ ಏಳುವ ಸಂದೇಹವನ್ನು ತೆಗೆದುಕೊಳ್ಳೋಣ. ಎಂಜಿನ್ ಇರುವ ಗೂಡನ್ನು ನೀರು ಹನಿಯೂ ಹೋಗದಂತೆ ಪೂರ್ತಿ ಮುಚ್ಚಿಬಿಟ್ಟರಾಗದೇ? ಆಗದು. ಎಂಜಿನ್ ಉಸಿರಾಡುವ ಯಂತ್ರ. ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ ಸುಮಾರು 9,000 ಲೀಟರ್ ಗಾಳಿ ಬೇಕು. ಅದಲ್ಲದೆ, ಉರಿದ ಇಂಧನದ ಶಕ್ತಿಯಲ್ಲಿ ಚಕ್ರ ತಿರುಗಿಸಲು ಒದಗುವುದು ಸ್ಥೂಲವಾಗಿ ಕಾಲು ಭಾಗದಿಂದ ಮೂರನೇ ಒಂದು ಭಾಗ ಮಾತ್ರ. ಉಳಿದದ್ದೆಲ್ಲ ಶಾಖ. ಅದರಲ್ಲಿ ಒಂದು ಪಾಲು ಸೈಲೆನ್ಸರಿನಿಂದ ಹೊರಗೆ ಹೋದರೆ ಇನ್ನೊಂದು ಪಾಲನ್ನು ರೇಡಿಯೇಟರ್ ಹೊರಹಾಕಬೇಕು. ರೇಡಿಯೇಟರಿನ ಮೇಲೆ ಸದಾ ಗಾಳಿ ಬೀಸುತ್ತಿರಬೇಕು. ಆದ್ದರಿಂದ ಮುಂದೆ ಜಾಲರಿ ತೆರೆದಿರಲೇಬೇಕು, ಒಳಗೆ ಬಂದ ಬಿಸಿ ಗಾಳಿ ಹೋಗಲು ಕೆಳಗೆ ದಾರಿ ಇರಲೇಬೇಕು.

ಇದಕ್ಕಿಂತ ಸ್ವಾರಸ್ಯದ ಕಾರಣ ಇನ್ನೊಂದಿದೆ. ಅಮ್ಮ ಬೆಳಗ್ಗೆ ಬಿಸಿ ಬಿಸಿ ಅನ್ನ ತುಂಬಿ ಒತ್ತಿ ಮುಚ್ಚಿದ ಸ್ಟೀಲ್ ಡಬ್ಬಿ ಮಧ್ಯಾಹ್ನದ ಹೊತ್ತಿಗೆ ಬಿಡಿಸಲು ಬಾರದೆ ಇಡೀ ತರಗತಿ ಅದರ ಮೇಲೆ ಬಲಪ್ರದರ್ಶನ ಮಾಡಿದ್ದು ನಿಮಗೆ ನೆನಪಿರಬಹುದು. ಒಳಗಿನ ಗಾಳಿ ಮತ್ತು ಹಬೆ ತಣಿದು, ಒಳಗಿನ ಒತ್ತಡ ಕಡಿಮೆಯಾಗಿ, ಹೊರಗಿನ ವಾತಾವರಣ ಮುಚ್ಚಳವನ್ನು ಅದುಮಿ ಹಿಡಿದಿರುತ್ತದೆ. ಈಗ ಅದೇ ಡಬ್ಬಿಯನ್ನು ಎಂಜಿನ್ ಪಕ್ಕದಲ್ಲಿ ಇಟ್ಟಿದೆ ಎಂದುಕೊಳ್ಳಿ. ಒಳಗಿನ ಗಾಳಿ 80 ಡಿಗ್ರಿ ಸೆಲ್ಸಿಯಸ್‌ಗೆ ಕಾದಿದೆ. ರಸ್ತೆಯ ಹೊಂಡದಿಂದ ತಣ್ಣೀರು ಎರಚಿ ಅದು ಥಟ್ಟನೆ 25 ಡಿಗ್ರಿಗೆ ಇಳಿಯಿತು. ಕೆಲ್ವಿನ್ ಮಾನದಲ್ಲಿ 353ರಿಂದ 298ಕ್ಕೆ. ಗಾತ್ರ ಬದಲಾಗದಿದ್ದರೆ ಒತ್ತಡವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ ಎಂದು ನಿಮ್ಮ ಭೌತಶಾಸ್ತ್ರದ ಪುಸ್ತಕ ಹೇಳುತ್ತದೆ. ಲೆಕ್ಕ ಹಾಕಿ ನೋಡಿ, ಸುಮಾರು ಶೇಕಡಾ 16ರಷ್ಟು ಇಳಿತ. ಒಂದೂವರೆ ಮೀಟರಿಗೂ ಹೆಚ್ಚು ಆಳದ ನೀರಿನಲ್ಲಿ ಡಬ್ಬಿಯನ್ನು ಮುಳುಗಿಸಿದರೆ ಅದರ ಮುಚ್ಚಳದ ಮೇಲೆ ಎಷ್ಟು ಹೆಚ್ಚಿನ ಒತ್ತಡ ಬೀಳುತ್ತದೋ, ಅಷ್ಟು! ರಬ್ಬರಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಮೇಲೆ ನಿಂತ ನೀರನ್ನು ಡಬ್ಬಿ ತಾನಾಗಿ ಹೀರಿಕೊಳ್ಳುತ್ತದೆ. ನೀರು ಬಾರದಿರಲೆಂದು ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯೇ ನೀರು ಕುಡಿಯುವ ಪೆಟ್ಟಿಗೆಯಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಹೀಗೆ ಒಳಹೊಕ್ಕ ನೀರಿಗೆ ಹೊರಬರಲು ದಾರಿಯೇ ಇರುವುದಿಲ್ಲ.

ಹೀಗಾಗಿ ಕಾರು ರೂಪಿಸುವ ಎಂಜಿನಿಯರುಗಳು ಆರಿಸಿಕೊಂಡದ್ದು ಬೇರೆಯೇ ಹಾದಿ. ಅದನ್ನು ಅರಿಯಲು ಮಲೆನಾಡಿನ ಹಂಚಿನ ಮನೆಯೊಂದನ್ನು ನೆನೆದರೆ ಸಾಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿನ ಹಂಚಿನ ಮಾಡಿನಲ್ಲಿ ಅಂಟಿಲ್ಲ, ಗಾರೆಯಿಲ್ಲ. ಹಂಚುಗಳ ಸಂದಿನಲ್ಲಿ ಒಲೆಯ ಹೊಗೆ ಸಲೀಸಾಗಿ ಹೊರಗೆ ಹೋಗುತ್ತದೆ. ಆದರೂ ಮಳೆ ಒಳಗೆ ಬರುವುದಿಲ್ಲ. ಏಕೆಂದರೆ ಒಂದು ಹಂಚಿನ ಅಂಚು ಇನ್ನೊಂದರ ಮೇಲಿದೆ, ಮಾಡಿಗೆ ಇಳಿಜಾರಿದೆ, ಸೂರಿನಂಚಿನಲ್ಲಿ ನೀರು ಹಿಡಿದು ಸಾಗಿಸುವ ದೋಣಿಯಿದೆ. ನೀರಿನೊಡನೆ ಅಲ್ಲಿ ಯಾರೂ ಜಗಳವಾಡಿಲ್ಲ. ಅದಕ್ಕೆ ಹೋಗಲು ಸುಲಭವಾದ ದಾರಿಯೊಂದನ್ನು ಕೊಟ್ಟಿದ್ದಾರೆ, ಅಷ್ಟೇ. ಕಾರಿನ ಬಾನೆಟ್ಟೂ ಒಂದು ಮಾಡು.

ಆ ಮಾಡಿನ ದೋಣಿ ಎಲ್ಲಿದೆ? ಮುಂದಿನ ಗಾಜಿನ ಬುಡದಲ್ಲಿ, ವೈಪರಿನ ಕಡ್ಡಿಗಳು ಹೊರಡುವ ಜಾಗದಲ್ಲಿ, ಸೀಳುಗಳಿರುವ ಕಪ್ಪು ಪ್ಲಾಸ್ಟಿಕ್ ಪಟ್ಟಿಯೊಂದನ್ನು ನೀವು ನೋಡಿರುತ್ತೀರಿ. ಅದರ ಕೆಳಗೆ ಕಾರಿನ ಅಗಲಕ್ಕೂ ಒಂದು ಕಾಲುವೆಯಿದೆ. ಗಾಜಿನ ಮೇಲೆ ಬಿದ್ದ ಮಳೆಯೆಲ್ಲ ಅಲ್ಲಿಗಿಳಿದು, ಎರಡೂ ತುದಿಯ ರಂಧ್ರಗಳಿಂದ ಮುಂದಿನ ಚಕ್ರಗಳ ಹಿಂಭಾಗದಲ್ಲಿ ನೆಲಕ್ಕೆ ಬೀಳುತ್ತದೆ. ಬಾನೆಟ್ಟಿನ ಹಿಂದಿನ ಅಂಚಿಗೆ ತಾಗುವಂತೆ ರಬ್ಬರಿನ ಪಟ್ಟಿಯೊಂದಿದ್ದು, ಕಾಲುವೆಯ ನೀರು ಎಂಜಿನ್ ಕಡೆ ಹಾರದಂತೆ ಅದು ತಡೆಯುತ್ತದೆ.

ಎಷ್ಟು ನೀರು? ಇಲ್ಲಿ ಒಂದು ಸುಲಭ ಲೆಕ್ಕ ನೆನಪಿಡಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಸರಿಯಾಗಿ ಒಂದು ಲೀಟರ್ ನೀರು. ಗಾಜಿನ ವಿಸ್ತೀರ್ಣ ಸುಮಾರು ಒಂದು ಚದರ ಮೀಟರ್ ಎಂದಿಟ್ಟುಕೊಳ್ಳಿ. ಗಂಟೆಗೆ 50 ಮಿಲಿಮೀಟರ್ ದರದಲ್ಲಿ ಮಳೆ ಸುರಿದರೆ ಗಂಟೆಗೆ 50 ಲೀಟರ್. ನಿಮಿಷಕ್ಕೆ ಮುಕ್ಕಾಲು ಲೀಟರಿಗೂ ಮಿಗಿಲು. ಕಾರಿನ ಛಾವಣಿಯ ನೀರೂ ಸೇರಿದರೆ ಇನ್ನೂ ಹೆಚ್ಚು. ಈ ನೀರೆಲ್ಲ ಕಿರುಬೆರಳಿನ ಗಾತ್ರದ ಎರಡು ರಂಧ್ರಗಳನ್ನು ನಂಬಿಕೊಂಡಿದೆ.

ಬೆಂಗಳೂರಿನಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ರಸ್ತೆಬದಿಯ ಹೊಂಗೆ ಮರಗಳ ಕೆಳಗೆ ಕಾರು ನಿಲ್ಲಿಸಿದವರಿಗೆ ಗೊತ್ತು, ಬೆಳಗಾಗುವುದರೊಳಗೆ ಅದರ ಮೇಲೆ ಹೂವಿನ ಹಾಸಿಗೆ! ನೋಡಲು ಬಲು ಚೆಂದ. ಆದರೆ ಆ ಸಣ್ಣ ಸಣ್ಣ ಹೂಗಳು ಪ್ಲಾಸ್ಟಿಕ್ ಸೀಳುಗಳಲ್ಲಿ ಇಳಿದು, ಧೂಳಿನೊಡನೆ ಬೆರೆತು, ಮುಂಗಾರು ಬರುವ ಹೊತ್ತಿಗೆ ರಂಧ್ರಗಳಿಗೆ ಗಟ್ಟಿ ಬೆಣೆಯಾಗಿ ಕುಳಿತಿರುತ್ತವೆ. ಕಾಲುವೆ ತುಂಬುತ್ತದೆ. ತುಂಬಿದ ನೀರು ಎರಡರಲ್ಲಿ ಒಂದು ಕಡೆ ಉಕ್ಕಬೇಕು. ಕಾರಿನೊಳಕ್ಕೆ ತಾಜಾ ಗಾಳಿ ತೆಗೆದುಕೊಳ್ಳುವ ಬಾಯಿ ಬಹುತೇಕ ಕಾರುಗಳಲ್ಲಿ ಇದೇ ಕಾಲುವೆಯಲ್ಲಿರುವುದರಿಂದ ಮುಂದಿನ ಸೀಟಿನ ಕೆಳಗಿನ ಹಾಸು ತೊಯ್ದು ಮುಗ್ಗಲು ವಾಸನೆ ಬರುತ್ತದೆ. ಇಲ್ಲವೆ ನೀರು ಬಾನೆಟ್ಟಿನೊಳಗಿನ ವಿದ್ಯುತ್ ಭಾಗಗಳ ಮೇಲೆ ಸುರಿಯುತ್ತದೆ. ಬಾಗಿಲ ರಬ್ಬರು ಹಾಳಾಗಿದೆಯೆಂದು ನೂರಾರು ರೂಪಾಯಿ ಸುರಿದು ಬದಲಾಯಿಸಿದವರನ್ನು ಕಂಡಿದ್ದೇನೆ. ತೆಗೆಯಬೇಕಾಗಿದ್ದದ್ದು ಒಂದು ಹಿಡಿ ಕಸ.

ಈಗ ನನ್ನ ನೆನಪೊಂದು. ನಾನು ದೂರದರ್ಶನದ ಕೆಲಸಕ್ಕೆ ಸೇರಿದ ಹೊಸತು, 2003ರ ಜುಲೈ. ಮಲೆನಾಡಿನಲ್ಲಿ ಚಿತ್ರೀಕರಣ ಮುಗಿಸಿ ಬಾಡಿಗೆ ಕಾರಿನಲ್ಲಿ ಘಾಟಿ ಇಳಿಯುತ್ತಿದ್ದೆವು. ಹಳೆಯ ಕಾಲದ ಕಾರು. ಮೂರು ದಿನದಿಂದ ಬಿಡದೆ ಹುಯ್ಯುತ್ತಿದ್ದ ಮಳೆ. ಒಂದು ತಿರುವಿನಲ್ಲಿ ಎಂಜಿನ್ ಎರಡು ಬಾರಿ ಕೆಮ್ಮಿ ನಿಂತುಬಿಟ್ಟಿತು. ಹಿರಿಯ ವಯಸ್ಸಿನ ಚಾಲಕರು ಗಾಬರಿಯಾಗಲಿಲ್ಲ. ನನಗೊಂದು ಕೊಡೆ ಹಿಡಿದು ನಿಲ್ಲಲು ಹೇಳಿ, ಬಾನೆಟ್ ಎತ್ತಿ, ದಪ್ಪ ವೈರುಗಳು ಹೊರಟಿದ್ದ ಕಪ್ಪು ಟೊಪ್ಪಿಯಂಥ ಭಾಗವನ್ನು ಬಿಚ್ಚಿದರು. ಹೆಗಲ ಮೇಲಿನ ಟವೆಲಿನಿಂದ ಅದರ ಒಳಗೂ ಹೊರಗೂ ಒರೆಸಿದರು, ವೈರುಗಳನ್ನೂ ಒಂದೊಂದಾಗಿ ಒರೆಸಿದರು. ಐದು ನಿಮಿಷದಲ್ಲಿ ಕಾರು ಹೊರಟಿತು.

“ಅಣ್ಣಾ, ಒಳಗೆ ನೀರು ಹೋಗಿತ್ತಾ?” ಎಂದು ಕೇಳಿದೆ.

“ಎಲ್ಲಿ ನೀರು ಸಾರ್, ಬರೀ ಮಂಜು ಹಿಡಿದಂಗೆ ತೇವ. ಅಷ್ಟಕ್ಕೇ ಕರೆಂಟು ದಾರಿ ತಪ್ಪುತ್ತೆ” ಎಂದರು.

ಇದಕ್ಕಿಂತ ಚೊಕ್ಕವಾಗಿ ನಾನಂತೂ ವಿವರಿಸಲಾರೆ. ಅವರು ಬಿಚ್ಚಿದ ಭಾಗಕ್ಕೆ ಡಿಸ್ಟ್ರಿಬ್ಯೂಟರ್ ಎಂದು ಹೆಸರು. ಬ್ಯಾಟರಿಯ 12 ವೋಲ್ಟನ್ನು ಇಗ್ನಿಷನ್ ಕಾಯಿಲ್ ಎಂಬ ಸುರುಳಿ ಹತ್ತಾರು ಸಾವಿರ ವೋಲ್ಟಿಗೆ ಏರಿಸುತ್ತದೆ. ಆ ವಿದ್ಯುತ್ತನ್ನು ಸರದಿಯಂತೆ ಒಂದೊಂದು ಸಿಲಿಂಡರಿನ ಪ್ಲಗ್ಗಿಗೆ ಹಂಚುವುದೇ ಡಿಸ್ಟ್ರಿಬ್ಯೂಟರಿನ ಕೆಲಸ. ಪ್ಲಗ್ಗಿನ ತುದಿಯಲ್ಲಿ, ಒತ್ತಿ ಹಿಡಿದ ಗಾಳಿ–ಪೆಟ್ರೋಲ್ ಮಿಶ್ರಣದ ನಡುವೆ ವಿದ್ಯುತ್ ಕಿಡಿಯಾಗಿ ಹಾರಬೇಕು. ಅದು ಕಷ್ಟದ ದಾರಿ. ಶುದ್ಧ ನೀರು ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡದು, ನಿಜ. ಆದರೆ ಟೊಪ್ಪಿಯ ಮೇಲಿನ ಧೂಳು, ಲವಣ, ಎಣ್ಣೆ ಮಸಿಯೊಡನೆ ಬೆರೆತ ತೇವದ ಪೊರೆ ಹಾಗಲ್ಲ. ಕಷ್ಟದ ದಾರಿಯಲ್ಲಿ ಹಾರುವ ಬದಲು ವಿದ್ಯುತ್ ಆ ಪೊರೆಯ ಮೇಲೆ ಜಾರಿ ಎಂಜಿನ್ನಿನ ಲೋಹ ಸೇರಿಬಿಡುತ್ತದೆ. ಕಿಡಿಯಿಲ್ಲ, ಉರಿಯಿಲ್ಲ, ಎಂಜಿನ್ ಸ್ತಬ್ಧ.

1959ರಲ್ಲಿ ಬ್ರಿಟನ್ನಿನಲ್ಲಿ ‘ಮಿನಿ’ ಎಂಬ ಪುಟ್ಟ ಕಾರು ಬಂತು. ಅಲೆಕ್ ಇಸ್ಸಿಗೋನಿಸ್ ಎಂಬ ಪ್ರತಿಭಾವಂತ ರೂಪಿಸಿದ್ದು. ಜಾಗ ಉಳಿಸಲು ಎಂಜಿನ್ನನ್ನು ಅಡ್ಡಲಾಗಿ ಕೂರಿಸಿದ ಅವನ ಕ್ರಮವನ್ನೇ ಇಂದಿನ ಬಹುಪಾಲು ಸಣ್ಣ ಕಾರುಗಳು ಅನುಸರಿಸುತ್ತವೆ. ಆದರೆ ಆ ಏರ್ಪಾಡಿನಲ್ಲಿ ಡಿಸ್ಟ್ರಿಬ್ಯೂಟರ್ ಮುಂದಿನ ಜಾಲರಿಯ ಹಿಂದೆಯೇ ಬಂದು ಕೂತಿತ್ತು. ಮಳೆಯಲ್ಲಿ ಓಡಿಸಿದರೆ ಜಾಲರಿಯಿಂದ ನುಗ್ಗಿದ ನೀರು ನೇರ ಅದರ ಮೇಲೆ! ಆಮೇಲೆ ಅಡ್ಡಕ್ಕೆ ಒಂದು ತಗಡಿನ ಮರೆ ಕಟ್ಟಿ ಸರಿಪಡಿಸಬೇಕಾಯಿತು. ಜಗತ್ತಿನ ಕಾರುಗಳ ಹಣೆಬರಹ ಬದಲಿಸಿದವನಿಗೂ ಒಂದು ತಗಡಿನ ತುಂಡು ಪಾಠ ಕಲಿಸಿತೆನ್ನಿ.

ಇಂದಿನ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲ. ಪ್ರತಿ ಪ್ಲಗ್ಗಿನ ನೆತ್ತಿಯ ಮೇಲೂ ಒಂದೊಂದು ಪುಟ್ಟ ಕಾಯಿಲ್ ಕೂತಿರುತ್ತದೆ, ರಬ್ಬರಿನ ತೋಳು ಅದನ್ನು ಕಾಪಾಡುತ್ತದೆ. ಮಂಜಿನಷ್ಟು ತೇವಕ್ಕೆ ಇವು ನಿಲ್ಲುವುದಿಲ್ಲ. ಆದರೆ ಇವುಗಳಿಗೆ ಇನ್ನೊಂದು ಬಗೆಯ ಚಿಂತೆಯಿದೆ. ಎಂಜಿನ್ ಸುತ್ತ ಹತ್ತಾರು ಸಂವೇದಕಗಳು, ಅವನ್ನು ಗಣಕಕ್ಕೆ ಜೋಡಿಸುವ ನೂರಾರು ತಂತಿಗಳು. ಅವುಗಳಲ್ಲಿ ಹರಿಯುವುದು ಒಂದೆರಡು ವೋಲ್ಟಿನ ನಾಜೂಕು ಸಂದೇಶ. ಜೋಡಣೆಯೊಳಗೆ ನೀರು ಸೇರಿ ಅಲ್ಲೇ ನಿಂತರೆ, ಮನೆಯ ತಾಮ್ರದ ಚೊಂಬಿಗೆ ಹಿಡಿಯುವಂಥ ಹಸಿರು ಕಿಲುಬು ಅಲ್ಲಿಯೂ ಹಿಡಿಯುತ್ತದೆ. ಚೊಂಬನ್ನಾದರೆ ಹುಣಸೆಹಣ್ಣು ಹಾಕಿ ತಿಕ್ಕಬಹುದು; ಸೂಜಿಯಷ್ಟು ಸಣ್ಣ ಪಿನ್ನನ್ನು ಏನು ಮಾಡುವುದು? ಮಳೆಗಾಲದಲ್ಲಿ ಹೊಕ್ಕ ನೀರಿನ ದೋಷ ಚಳಿಗಾಲದಲ್ಲಿ, ಬಿಸಿಲು ಕಾಯುತ್ತಿರುವಾಗ ತಲೆ ಎತ್ತುವುದು ಇದರಿಂದಲೇ. ಮೆಕ್ಯಾನಿಕ್ ಹುಡುಕಿ ಹುಡುಕಿ ಸೋಲುತ್ತಾನೆ.

ಆದಕಾರಣ ಇಲ್ಲಿ ಮಾತ್ರ ಬಿಗಿ ಮುಚ್ಚಿಗೆ ಬೇಕು. ಆದರೆ ಹೀರುವ ಡಬ್ಬಿಯ ತೊಂದರೆ ಇದೆಯಲ್ಲ? ಅದಕ್ಕೆ ಕಂಡುಕೊಂಡ ಉಪಾಯ ಸೊಗಸಾಗಿದೆ. ಗಣಕದ ಪೆಟ್ಟಿಗೆಯಂಥವುಗಳಿಗೆ ಸಾಮಾನ್ಯವಾಗಿ ಒಂದು ಸಣ್ಣ ಕಿಂಡಿ ಬಿಟ್ಟು ಅದಕ್ಕೆ ಪೊರೆಯೊಂದನ್ನು ಅಂಟಿಸುತ್ತಾರೆ. ದೋಸೆಯ ತವಾಕ್ಕೆ ಬಳಿಯುತ್ತಾರಲ್ಲ, ಟೆಫ್ಲಾನ್, ಅದೇ ಜಾತಿಯ ವಸ್ತುವನ್ನು ಹಿಗ್ಗಿಸಿ ಮಾಡಿದ ಪೊರೆ. ಅದರಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ರಂಧ್ರಗಳಿವೆ. ಗಾಳಿಯ ಅಣುಗಳು ಅವುಗಳಲ್ಲಿ ಧಾರಾಳವಾಗಿ ಓಡಾಡುತ್ತವೆ. ನೀರಿನ ಹನಿಯನ್ನು ಮಾತ್ರ ಅದರದೇ ಮೇಲ್ಮೈ ಎಳೆತ ಹಿಡಿದು ನಿಲ್ಲಿಸುತ್ತದೆ. ಪೆಟ್ಟಿಗೆ ಉಸಿರಾಡುತ್ತದೆ, ನೀರು ಕುಡಿಯುವುದಿಲ್ಲ.

ತಂತಿಗಳ ವಿಷಯದಲ್ಲಿ ಉಪಾಯ ಇನ್ನೂ ಹಳೆಯದು, ಖರ್ಚಿಲ್ಲದ್ದು. ಕಂಬದಿಂದ ನಿಮ್ಮ ಮನೆಗೆ ಬರುವ ವಿದ್ಯುತ್ ತಂತಿಯನ್ನು ಗಮನಿಸಿ. ಗೋಡೆಯೊಳಗೆ ಹೋಗುವ ಮುನ್ನ ಅದು ಕೆಳಗೆ ಜೋತು ಬಿದ್ದು, ಮತ್ತೆ ಮೇಲೇರಿ ಒಳಗೆ ಹೋಗುತ್ತದೆ. ತಂತಿಯ ಗುಂಟ ಹರಿದು ಬಂದ ಮಳೆ ನೀರು ಆ ಜೋತಿನ ತಳದಲ್ಲಿ ತೊಟ್ಟಿಕ್ಕಿಬಿಡುತ್ತದೆ, ಮೇಲಕ್ಕೇರಲಾರದು. ಕಾರಿನೊಳಗೂ ತಂತಿಗಳ ಕಟ್ಟನ್ನು ಜೋಡಣೆಗೆ ಕೆಳಗಿನಿಂದ ಮೇಲಕ್ಕೆ ತರುವುದುಂಟು. ಯಾರಾದರೂ ಹೊಸ ಹಾರನ್ನು, ಹೆಚ್ಚುವರಿ ದೀಪವನ್ನು ಹಾಕಿಸುವಾಗ ಅಂದವಾಗಿ ಕಾಣಲೆಂದು ಆ ಜೋತನ್ನು ಬಿಗಿದು ಕಟ್ಟಿದರೆ, ನೀರಿಗೆ ಸೇತುವೆ ಕಟ್ಟಿಕೊಟ್ಟಂತಾಯಿತು.

ಇಷ್ಟು ಹೊತ್ತು ಮೇಲಿನ ಮಳೆಯ ಮಾತಾಯಿತು. ಕೆಳಗಿನಿಂದಲೂ ಮಳೆ ಬರುತ್ತದೆ. ಚಕ್ರ ಎರಚುವ ನೀರು ಮೇಲಿನ ಮಳೆಗಿಂತ ಕೊಳಕು, ಮಣ್ಣು ಮರಳು ಬೆರೆತದ್ದು. ಇದನ್ನು ತಡೆಯಲು ಚಕ್ರದ ಕಮಾನಿನೊಳಗೆ ಪ್ಲಾಸ್ಟಿಕ್ ಹೊದಿಕೆ ಮತ್ತು ಅನೇಕ ಕಾರುಗಳಲ್ಲಿ ಎಂಜಿನ್ ಕೆಳಗೆ ಒಂದು ಮೊರದಂಥ ತಟ್ಟೆ ಇರುತ್ತವೆ. ಸರ್ವಿಸಿಗೆ ಬಿಟ್ಟಾಗ ಆಯಿಲ್ ಬದಲಿಸಲು ತಟ್ಟೆ ಬಿಚ್ಚುವವರು ಮತ್ತೆ ಹಾಕುವಾಗ ಎಂಟು ಕ್ಲಿಪ್ಪುಗಳಲ್ಲಿ ಐದನ್ನು ಮಾತ್ರ ಹಾಕಿ ಕಳಿಸುವುದು ನಮ್ಮಲ್ಲಿ ಹೊಸತಲ್ಲ. ಮಳೆಯಲ್ಲಿ ಹೊಂಡ ದಾಟಿದೊಡನೆ ಎಂಜಿನ್ ಕಡೆಯಿಂದ ಕೀರಲು ದನಿ ಬಂದರೆ, ಆ ನೀರು ಬೆಲ್ಟಿನ ಮೇಲೆ ಬಿದ್ದು ಅದು ಜಾರುತ್ತಿದೆ ಎಂದರ್ಥ. ಇನ್ನು ಮಳೆಯಲ್ಲಿ ನಿಂತ ಕಾರಿನ ಬಾನೆಟ್ಟಿನಿಂದ ಬಿಳಿ ಹೊಗೆ ಎದ್ದರೆ ಕೂಡಲೇ ಕೂಗಾಡಬೇಡಿ. ಬಿಸಿ ಲೋಹದ ಮೇಲೆ ಬಿದ್ದ ಹನಿಗಳು ಆವಿಯಾಗುತ್ತಿರಬಹುದು. ಉಷ್ಣತೆಯ ಮುಳ್ಳು ಅಥವಾ ಎಚ್ಚರಿಕೆಯ ದೀಪ ಏನು ಹೇಳುತ್ತಿದೆ, ನೋಡಿ. ಅದು ಸರಿಯಾಗಿದ್ದರೆ ಎಂಜಿನ್ ತನ್ನ ಮೈ ತಾನೇ ಒರೆಸಿಕೊಳ್ಳುತ್ತಿದೆ.

ಮೇಲಿನ ನೀರು, ಕೆಳಗಿನ ನೀರು ಇವೆರಡೂ ಕೊಡುವುದು ಕಿರುಕುಳ. ಮೂರನೆಯದು ಎಂಜಿನ್ನಿನ ಪ್ರಾಣವನ್ನೇ ತೆಗೆಯುತ್ತದೆ. ಅದು ಮೂಗಿನಿಂದ ಹೋಗುವ ನೀರು.

ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿ ಸಾಮಾನ್ಯವಾಗಿ ಬಾನೆಟ್ಟಿನ ಮುಂಭಾಗದಲ್ಲಿ, ದೀಪದ ಹಿಂದೆಯೋ ರೇಡಿಯೇಟರಿನ ಮೇಲೆಯೋ ಇರುತ್ತದೆ. ಒಳಗಿನ ಕಾದ ಗಾಳಿಗಿಂತ ಹೊರಗಿನ ತಂಪು ಗಾಳಿ ಸಾಂದ್ರವಾದದ್ದು, ಅದರಲ್ಲಿ ಆಮ್ಲಜನಕ ಹೆಚ್ಚು. ಆದ್ದರಿಂದ ಮುಂದಕ್ಕೆ ಇಡುವ ಆಸೆ. ಮುಂದಿಟ್ಟರೆ ಮಳೆಯ ಭಯ. ಈ ಇಕ್ಕಟ್ಟಿನಲ್ಲಿ ನೆರವಾಗುವವನು ನ್ಯೂಟನ್. ಕೊಳವೆಯ ಬಾಯಿಯನ್ನು ಪಕ್ಕಕ್ಕೆ ತಿರುಗಿಸಿ, ಮುಂದೆ ಒಂದೆರಡು ತಿರುವು ಕೊಡುತ್ತಾರೆ. ಹಗುರವಾದ ಗಾಳಿ ಸುಲಭವಾಗಿ ತಿರುಗಿಕೊಳ್ಳುತ್ತದೆ. ಭಾರವಾದ ಹನಿ ಜಡತ್ವದಿಂದಾಗಿ ನೆಟ್ಟಗೆ ಹೋಗಿ ಗೋಡೆಗೆ ಬಡಿದು ಕೆಳಗಿಳಿಯುತ್ತದೆ. ಏರ್ ಫಿಲ್ಟರ್ ಪೆಟ್ಟಿಗೆಯ ತಳದಲ್ಲಿ ಅಥವಾ ಕೊಳವೆಯ ತಗ್ಗಿನಲ್ಲಿ ಅದು ಸೋರಿಹೋಗಲು ಸಣ್ಣ ರಂಧ್ರವಿರುತ್ತದೆ. ಎಂಥ ಜಡಿಮಳೆಗೂ ಈ ಏರ್ಪಾಡು ಸಾಕು. ಸಾಲದಿರುವುದು ಒಂದೇ ಸನ್ನಿವೇಶದಲ್ಲಿ. ಕೊಳವೆಯ ಬಾಯಿಯೇ ನೀರಿನಲ್ಲಿ ಮುಳುಗಿದಾಗ.

ಮುಳುಗಿದರೆ ಏನಾಗುತ್ತದೆ? ನಾಲ್ಕು ಸಿಲಿಂಡರಿನ 1,200 ಸಿಸಿ ಎಂಜಿನ್ ತೆಗೆದುಕೊಳ್ಳಿ. ಒಂದು ಸಿಲಿಂಡರಿಗೆ 300 ಸಿಸಿ. ಸಂಪೀಡನ ಅನುಪಾತ 11 ಎಂದಿರಲಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ತಲೆಯ ಮೇಲೆ ಉಳಿಯುವ ಜಾಗ 300ನ್ನು 10ರಿಂದ ಭಾಗಿಸಿದಷ್ಟು, ಅಂದರೆ 30 ಸಿಸಿ. ಕೆಮ್ಮಿನ ಔಷಧಿಯ ಎರಡು ದೊಡ್ಡ ಚಮಚ. ಗಾಳಿಯನ್ನು ಅಷ್ಟು ಜಾಗಕ್ಕೆ ಒತ್ತಬಹುದು; ನೀರನ್ನು ಒತ್ತಲಾಗದು. ಸಿಲಿಂಡರಿಗೆ 30 ಸಿಸಿಗಿಂತ ಹೆಚ್ಚು ನೀರು ಹೋಯಿತೋ, ಪಿಸ್ಟನ್ನಿಗೆ ಮೇಲೆ ಬರಲು ಸ್ಥಳವೇ ಇಲ್ಲ. ನಿಮಿಷಕ್ಕೆ 3,000 ಸುತ್ತಿನ ವೇಗದಲ್ಲಿ ಪಿಸ್ಟನ್ ಕೆಳಗಿನಿಂದ ಮೇಲೆ ಬರಲು ತೆಗೆದುಕೊಳ್ಳುವ ಕಾಲ ಒಂದು ಸೆಕೆಂಡಿನ ನೂರನೇ ಒಂದು ಭಾಗ. ಆ ಧಾವಂತದಲ್ಲಿ ಅದು ನೀರಿನ ಗೋಡೆಗೆ ಗುದ್ದುತ್ತದೆ. ಮೇಲಿನದು ಜಗ್ಗದು, ಕೆಳಗಿನ ಕ್ರ್ಯಾಂಕ್ ಬಿಡದು. ನಡುವೆ ಸಿಕ್ಕಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಸಂಪೀಡನ ಅನುಪಾತ ಇನ್ನೂ ಹೆಚ್ಚು, ಆದ್ದರಿಂದ ಅಪಾಯವೂ ಹೆಚ್ಚು.

ನಾನು ವಿಜ್ಞಾನ ಪದವೀಧರ. ಈ ಲೆಕ್ಕವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹಲವು ಬಡಾವಣೆಗಳು, ಹೊರವರ್ತುಲ ರಸ್ತೆ ನೀರಿನಲ್ಲಿ ನಿಂತಿದ್ದ ದಿನಗಳಲ್ಲಿ ಒಂದು ರಾತ್ರಿ ಮನೆಗೆ ಹೊರಟಿದ್ದೆ. ತಗ್ಗಿನ ರಸ್ತೆಯೊಂದರಲ್ಲಿ ಅರ್ಧ ಚಕ್ರ ಮುಳುಗುವಷ್ಟು ನೀರು. ಮುಂದಿನ ಕಾರುಗಳು ದಾಟುತ್ತಿದ್ದವು, ನಾನೂ ಇಳಿದೆ. ಎದುರಿನಿಂದ ಬಂದ ದೊಡ್ಡ ವಾಹನವೊಂದು ಎಬ್ಬಿಸಿದ ಅಲೆ ಬಾನೆಟ್ಟಿನ ಮೂತಿಯವರೆಗೆ ಏರಿತು. ಎಂಜಿನ್ ನಿಂತಿತು. ಇಲ್ಲಿಯವರೆಗೆ ಬಹುಶಃ ಏನೂ ಹಾಳಾಗಿರಲಿಲ್ಲ. ತೊಯ್ದ ಫಿಲ್ಟರಿನಿಂದ ಉಸಿರು ಕಟ್ಟಿತ್ತು, ಅಷ್ಟೆ. ಆದರೆ ಫಿಲ್ಟರ್ ಪೆಟ್ಟಿಗೆಯ ತಳದಲ್ಲಿ ನೀರು ಕಾದು ಕೂತಿತ್ತು. ಹಿಂದಿನವರು ಹಾರನ್ ಹೊಡೆಯುತ್ತಿದ್ದರು. ನಾನು ಕೀಲಿ ತಿರುಗಿಸಿದೆ. ಎಂಜಿನ್ ಹೊತ್ತಿಕೊಂಡಿತು. ಸಂತೋಷದಿಂದ ಆಕ್ಸಲರೇಟರ್ ಒತ್ತಿದೆ. ಠಣ್ಣೆಂದು ಒಂದೇ ಒಂದು ಸದ್ದು.

ಬಿಚ್ಚಿದ ಮೆಕ್ಯಾನಿಕ್ ರಾಡನ್ನು ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟ. ಬಾಗಿದ್ದು ಹೆಚ್ಚೇನಿಲ್ಲ, ಎಳೆಯ ಬೆಂಡೆಕಾಯಿಯಷ್ಟು. ಸಿಲಿಂಡರಿನ ಗೋಡೆ ಮಾತ್ರ ಸೀಳಿತ್ತು. ಕೀಲಿ ಮತ್ತೆ ತಿರುಗಿಸದೆ ಕಾರನ್ನು ಎಳೆಸಿಕೊಂಡು ಹೋಗಿದ್ದರೆ ಪ್ಲಗ್ಗುಗಳನ್ನು ಬಿಚ್ಚಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ, ನೀರು ಹೊರಗೆ ಹಾಕಿ, ಫಿಲ್ಟರ್ ಮತ್ತು ಆಯಿಲ್ ಬದಲಿಸಿ ಮುಗಿಸಬಹುದಿತ್ತು. ಒಂದೆರಡು ದಿನದ ಕೆಲಸ. ನನಗದು ಮೂರು ತಿಂಗಳ ಸಂಬಳವಾಯಿತು. ವಿಮೆಯಿಂದಲೂ ಬರಲಿಲ್ಲ, ಇಂಥ ಹಾನಿಗೆ ಸಾಮಾನ್ಯ ವಿಮೆ ಅನೇಕ ವೇಳೆ ಒದಗುವುದಿಲ್ಲ, ಎಂಜಿನ್ ರಕ್ಷಣೆಯ ಸೇರ್ಪಡೆಯನ್ನು ಬೇರೆಯಾಗಿ ಕೊಂಡಿರಬೇಕು. ಆ ರಾಡು ಈಗ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಒತ್ತಿ ಹಿಡಿಯುವ ಕೆಲಸದಲ್ಲಿದೆ.

ಕಾರು ಹೋದರೆ ಹೋಯಿತು. ನಿಂತ ನೀರಿಗೆ ಇಳಿಯುವವರು ಇನ್ನೊಂದು ಲೆಕ್ಕವನ್ನೂ ತಿಳಿದಿರಬೇಕು. 800 ಕಿಲೋಗ್ರಾಂ ತೂಕದ ಕಾರಿನ ತಳ ಒಂದೂವರೆ ಮೀಟರ್ ಅಗಲ, ಮೂರು ಮೀಟರ್ ಉದ್ದ ಎಂದುಕೊಂಡರೆ ನಾಲ್ಕೂವರೆ ಚದರ ಮೀಟರ್. ಆರ್ಕಿಮಿಡೀಸನ ನಿಯಮದಂತೆ, ತಳದಿಂದ ಮೇಲೆ 18 ಸೆಂಟಿಮೀಟರ್ ನೀರು ಏರಿದರೆ, ಒಳಗೆ ಇನ್ನೂ ನೀರು ನುಗ್ಗಿರದಿದ್ದರೆ, ಅದು ತೇಲಲು ಸಾಕು. ತಳಕ್ಕೂ ನೆಲಕ್ಕೂ ನಡುವಿನ ಅಂತರ ಸೇರಿಸಿದರೂ ಮೊಣಕಾಲಿಗಿಂತ ಕೆಳಗಿನ ನೀರು! ತೇಲಿದ ಕಾರಿಗೆ ಸ್ಟೇರಿಂಗೂ ಇಲ್ಲ, ಬ್ರೇಕೂ ಇಲ್ಲ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿದ್ದಾಗ ಕಾರಿನೊಳಗೇ ಸಿಕ್ಕಿ ಸತ್ತವರಿದ್ದರು. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆ ನೀರಿಗೆ ಸಿಲುಕಿದ ಕಾರಿನಲ್ಲಿದ್ದ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ಕೆಳಸೇತುವೆಯಲ್ಲಿ ನೀರು ನಿಂತಿದ್ದರೆ ಅದರ ಆಳ ಮೇಲಿನಿಂದ ತಿಳಿಯುವುದಿಲ್ಲ. ನಿಮ್ಮ ಮನೆಯ ಹಿರಿಯರು ಚಾಲಕರ ಸೀಟಿನಲ್ಲಿದ್ದು ‘ಏನಾಗಲ್ಲ ಬಿಡು’ ಎಂದರೆ, ದಯವಿಟ್ಟು ಅಲ್ಲಿ ಮಾತ್ರ ಎದುರು ಮಾತಾಡಿ.

ವಿದ್ಯುತ್ ಕಾರಿಗೆ ಈ ಮೂಗೇ ಇಲ್ಲ, ಪಿಸ್ಟನ್ನೂ ಇಲ್ಲ. ಅದರ ಬ್ಯಾಟರಿ ಪೆಟ್ಟಿಗೆಗೆ ಐಪಿ 67 ಎಂಬ ದರ್ಜೆ ಇರುವುದನ್ನು ಜಾಹೀರಾತುಗಳಲ್ಲಿ ನೋಡಿರಬಹುದು. 6 ಎಂದರೆ ಧೂಳು ಹೋಗದು, 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಹಾನಿಯಾಗದು ಎಂದು. ಆದರೆ ಅದು ಪ್ರಯೋಗಶಾಲೆಯ ಶುದ್ಧ ನೀರಿನ ಪರೀಕ್ಷೆ, ಪೆಟ್ಟಿಗೆಗೆ ಮಾತ್ರ ಸಲ್ಲುವ ಮಾತು. ತೇಲುವ ಲೆಕ್ಕ ವಿದ್ಯುತ್ ಕಾರಿಗೂ ಒಂದೇ.

ಇನ್ನೊಂದು ಸಣ್ಣ ಮಾತು. ವರ್ಷವಿಡೀ ಮಳೆಯಿಂದ ಕಾಪಾಡಿದ ಎಂಜಿನ್ನಿಗೆ ಹಬ್ಬದ ಮುನ್ನಾದಿನ ಹತ್ತಿರದಿಂದ ಪ್ರೆಷರ್ ಪೈಪಿನಲ್ಲಿ ನೀರು ಹೊಡೆಸುವವರಿದ್ದಾರೆ. ಮೇಲಿನಿಂದ ಬೀಳುವ ಹನಿಗೆಂದು ಮಾಡಿದ ರಬ್ಬರು ಆ ರಭಸದ ಮುಂದೆ ಏನು ಮಾಡೀತು? ಆಯುಧಪೂಜೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಕುಂಕುಮ ಹಚ್ಚಿ, ಧಾರಾಳ ಸಾಕು.

ಆ ವಿದ್ಯಾರ್ಥಿನಿಗೆ ಅಂದು ಸ್ಟುಡಿಯೋದಲ್ಲಿ ಇಷ್ಟೆಲ್ಲ ಹೇಳಲು ಹೊತ್ತಿರಲಿಲ್ಲ. ಒಂದು ಪ್ರಯೋಗ ಮಾತ್ರ ಹೇಳಿಕೊಟ್ಟಿದ್ದೆ. ನೀವೂ ಮಾಡಬಹುದು. ನಿಂತ ಕಾರು, ಆರಿದ ಎಂಜಿನ್, ಮನೆಯವರ ಒಪ್ಪಿಗೆ. ಮುಂದಿನ ಗಾಜಿನ ಮೇಲೆ ಒಂದು ಚೊಂಬು ನೀರನ್ನು ನಿಧಾನವಾಗಿ ಎಡಗಡೆ ಸುರಿಯಿರಿ, ಇನ್ನೊಂದು ಚೊಂಬನ್ನು ಬಲಗಡೆ. ಬಳಿಕ ಬಗ್ಗಿ ಮುಂದಿನ ಚಕ್ರಗಳ ಹಿಂದೆ ನೋಡಿ, ನೀರು ಎಲ್ಲಿ ಬೀಳುತ್ತದೆ, ಎಷ್ಟು ಹೊತ್ತಿಗೆ ಬೀಳುತ್ತದೆ. ಎರಡು ವಾರದ ನಂತರ ಅವಳಿಂದ ಕಾಗದ ಬಂತು. ಬಲಗಡೆ ಎರಡು ಮೂರು ಸೆಕೆಂಡಿನಲ್ಲಿ ನೀರು ಬಿದ್ದಿತಂತೆ. ಎಡಗಡೆ ಬೀಳಲೇ ಇಲ್ಲವಂತೆ. ತಂದೆಯ ಕೈಯಲ್ಲಿ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿಸಿ ನೋಡಿದಾಗ ಸಿಕ್ಕಿದ್ದನ್ನೆಲ್ಲ ಬರೆದಿದ್ದಳು. ಎರಡು ಹಿಡಿ ಕೊಳೆತ ಹೊಂಗೆ ಹೂ, ಒಂದು ಬಸ್ ಟಿಕೀಟು, ಕಪ್ಪು ಮಣ್ಣು, ಮತ್ತು ಆ ಮಣ್ಣಿನಲ್ಲಿ ಎರಡೆಲೆ ಬಿಟ್ಟು ನಿಂತಿದ್ದ ಯಾವುದೋ ಗಿಡದ ಸಸಿ. ಅದನ್ನು ಕುಂಡದಲ್ಲಿ ನೆಟ್ಟಿದ್ದಾಳಂತೆ.